ಮೂರನೆಯವರ ತೀರ್ಪು

"ಒಂದನ್ನೂ ಹೊರಗೆ ಹಾಕಿಲ್ವಾ ಮಾವ?"

ಸೊಸೆ ಕೇಳಿದ್ದು ಮೆಲ್ಲಗೇ. ಆದರೆ ನಾಲ್ಕು ವರ್ಷದಿಂದ ಒಂದೇ ಸೂರಿನಡಿ ಇದ್ದ ಮಾವನಿಗೆ ಆ ಮೆಲುದನಿಯ ಹಿಂದಿನ ಸಿಟ್ಟು ಗೊತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಕಂಪ್ಯೂಟರಿನ ಪರದೆಯನ್ನು ಈಗಷ್ಟೇ ನೋಡುತ್ತಿರುವವರ ಹಾಗೆ ನೋಡಿದರು. ಪರದೆಯ ತುಂಬ ಅವರದೇ ಗುರುತುಗಳು. ಸಾವಿರದ ನೂರ ನಲವತ್ತಾರು ಸಾಲು. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು: ಒಳಗೆ, ಒಳಗೆ, ಒಳಗೆ.

"ಹೊರಗೆ ಹಾಕೋ ಅಂಥದ್ದು ಯಾವುದೂ ಕಾಣಲಿಲ್ಲಮ್ಮ," ಅಂದರು.

"ಮೂರು ವಾರ ಕೂತು ಓದಿದ್ದೀರಿ!"

"ಅದಕ್ಕೇ ಹೇಳ್ತಿರೋದು. ಓದದೇ ಇದ್ದಿದ್ರೆ ಎಷ್ಟು ಬೇಕಾದ್ರೂ ಹಾಕಬಹುದಿತ್ತು."

ಪಕ್ಕದ ಕೋಣೆಯಲ್ಲಿ ಅತ್ತೆಯ ಹೊಲಿಗೆ ಯಂತ್ರ ನಿಂತಿತು. ಆ ಮನೆಯಲ್ಲಿ ಯಂತ್ರದ ಸದ್ದು ನಿಂತಿತೆಂದರೆ ಅತ್ತೆ ಕಿವಿಗೊಟ್ಟಿದ್ದಾರೆ ಎಂದೇ ಅರ್ಥ.

ಸೊಸೆ ಕಾಲೇಜಿನಲ್ಲಿ ಪ್ರವಾಸೋದ್ಯಮದ ಪಾಠ ಹೇಳುವವಳು. ಪಿಡುಗು ಬಂದು ಜಗತ್ತಿನ ಬಾಗಿಲುಗಳೆಲ್ಲ ಮುಚ್ಚಿ ಹದಿನಾಲ್ಕು ತಿಂಗಳಾಗಿತ್ತು. ವಿಮಾನಗಳು ಸಾಲುಗಟ್ಟಿ ನಿಂತಿದ್ದವು, ಹೋಟೆಲುಗಳ ಹೊದಿಕೆಗಳು ಮಡಿಸಿದ್ದು ಮಡಿಸಿದಂತೆಯೇ ಇದ್ದವು. ಪ್ರವಾಸವೇ ಇಲ್ಲವೆಂದ ಮೇಲೆ ಪ್ರವಾಸದ ಬಗ್ಗೆ ಬರೆಯುವವರು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು ತಾನೆ? ಕೂರಲಿಲ್ಲ. ತಂತಮ್ಮ ಮನೆಗಳಲ್ಲಿ ಕದ ಹಾಕಿಕೊಂಡು ಹಿಂದೆಂದೂ ಬರೆಯದಷ್ಟು ಬರೆದರು. ಅದನ್ನೆಲ್ಲ ಒಟ್ಟುಹಾಕಿ, ಯಾರು ಏನು ಕೇಳಿದರು, ಯಾವ ವಿಷಯ ಮೇಲೆದ್ದಿತು, ಯಾವುದು ಮೂಲೆಗೆ ಬಿತ್ತು, ಮುಂದೆ ಸಂಶೋಧನೆ ಎತ್ತ ಹೊರಟಿದೆ ಎಂದು ನೋಡುವುದು ಸೊಸೆ ಹಿಡಿದಿದ್ದ ಕೆಲಸ. ಅಧ್ಯಯನಗಳ ಮೇಲೊಂದು ಅಧ್ಯಯನ. "ಅಂದ್ರೆ ನೀನು ಅಡುಗೆ ಮಾಡಲ್ಲ, ಊರವರ ಒಲೆ ಎಣಿಸ್ತೀಯ" ಎಂದು ಅತ್ತೆ ಮೊದಲ ದಿನವೇ ಅದಕ್ಕೆ ಷರಾ ಬರೆದಿದ್ದರು.

ಈ ಕೆಲಸಕ್ಕೊಂದು ಕಟ್ಟಳೆಯಿದೆ. ಒಬ್ಬರ ಕಣ್ಣನ್ನು ನಂಬುವ ಹಾಗಿಲ್ಲ. ಇಬ್ಬರು ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ತುಟಿ ಬಿಚ್ಚದೆ, ಪ್ರತಿಯೊಂದು ಲೇಖನದ ಸಾರಾಂಶವನ್ನೂ ಓದಬೇಕು. ವಿಷಯಕ್ಕೆ ಸೇರಿದ್ದಾದರೆ 'ಒಳಗೆ', ಅಲ್ಲವಾದರೆ 'ಹೊರಗೆ' ಎಂದು ಗುರುತು ಹಾಕಬೇಕು. ಆಮೇಲೆ ಇಬ್ಬರದ್ದನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಅವಳ ಜೊತೆ ಓದಬೇಕಿದ್ದ ಸಹೋದ್ಯೋಗಿ ಕಾಯಿಲೆ ಬಿದ್ದು ಎದ್ದಿದ್ದಳು. ಎದ್ದರೂ ನಾಲ್ಕು ಸಾಲು ಓದುವಷ್ಟರಲ್ಲಿ ಅಕ್ಷರಗಳು ಅಲುಗಾಡುತ್ತವೆ ಎನ್ನುತ್ತಿದ್ದಳು. ಸೊಸೆಯ ಗಂಡನಿಗೆ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಕೆಲಸ. ತಿಂಗಳುಗಟ್ಟಲೆ ಅಲ್ಲೇ ಊಟ, ಅಲ್ಲೇ ನಿದ್ದೆ. ಮನೆಯಲ್ಲಿ ಕೈ ಖಾಲಿ ಇದ್ದವರು ಮಾವ ಒಬ್ಬರೇ.

ಮಾವ ಊರಂಚಿನ ಗುಹೆಯಲ್ಲಿ ಗೈಡು. ಮೂವತ್ತೊಂದು ವರ್ಷ ಅದೇ ಗುಹೆ, ಅದೇ ಮೆಟ್ಟಿಲು. ಐದು ಭಾಷೆಯಲ್ಲಿ ಗುಹೆಯ ಕಥೆ ಹೇಳಬಲ್ಲರು, ಹನ್ನೊಂದು ಭಾಷೆಯಲ್ಲಿ "ತಲೆ ಜೋಪಾನ" ಎನ್ನಬಲ್ಲರು. ಗುಹೆಯ ಚಾವಣಿ ಅಲ್ಲಲ್ಲಿ ತಗ್ಗಾಗಿ ಬಾಗುವುದರಿಂದ ಆ ಎರಡು ಮಾತು ದಿನಕ್ಕೆ ಇನ್ನೂರು ಸಲ ಅವರ ಬಾಯಲ್ಲಿ ಬಂದು, ಉಳಿದ ಗೈಡುಗಳು ಅವರನ್ನು ಕರೆಯುತ್ತಿದ್ದದ್ದೇ ತಲೆ ಜೋಪಾನ ಎಂದು. ಸಾರಾಂಶ ಓದುವಷ್ಟು ಪರಭಾಷೆ ಅವರಿಗೆ ಆ ಮೆಟ್ಟಿಲುಗಳ ಮೇಲೇ ಬಂದಿತ್ತು. ಸೊಸೆ ಕೇಳಿದಾಗ ಕೂಡಲೇ ಒಪ್ಪಿದರು, ಒಂದೇ ಷರತ್ತಿನ ಮೇಲೆ.

"ಎಲ್ಲಾ ಓದಿ ಮುಗಿದ ಮೇಲೆ ನನಗೊಂದೇ ಮಾತಲ್ಲಿ ಹೇಳಬೇಕು. ಜನ ಮತ್ತೆ ಬರ್ತಾರಾ, ಇಲ್ವಾ?"

ಷರತ್ತಿಗೆ ಕಾರಣವಿತ್ತು. ಗುಹೆಯ ಕಚೇರಿಯಿಂದ ಕಾಗದ ಬಂದಿತ್ತು. ಯಾವ ಗೈಡು ಈ ತಿಂಗಳ ಮೂವತ್ತರೊಳಗೆ ತನ್ನ ಗುರುತಿನ ಬಿಲ್ಲೆಯನ್ನೂ ಕೈದೀಪವನ್ನೂ ವಾಪಸು ಕೊಡುತ್ತಾರೋ ಅವರಿಗೆ ನೀರು ಸರಬರಾಜು ಕಚೇರಿಯ ಪಂಪಿನ ಮನೆಯಲ್ಲಿ ಕೆಲಸ. ಕೊಡದವರು ಗುಹೆ ತೆರೆಯುವ ತನಕ ಕಾಯಬಹುದು. ಯಾವಾಗ ತೆರೆಯುತ್ತದೆ ಎಂಬ ಮಾತು ಕಾಗದದಲ್ಲಿ ಇರಲಿಲ್ಲ. ಕೊಟ್ಟ ಬಿಲ್ಲೆ ತಿರುಗಿ ಸಿಗುವುದಿಲ್ಲ ಎಂಬುದು ಮಾತ್ರ ದಪ್ಪಕ್ಷರದಲ್ಲಿತ್ತು.

ಅತ್ತೆ ಕಾಗದ ಓದಿದ ದಿನವೇ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ತಮ್ಮ ಕೈಚೀಲದ ಹೊರಜೇಬಿನಲ್ಲಿ ಇಟ್ಟು ಜಿಪ್ ಎಳೆದಿದ್ದರು. ಗಂಡ ಕೊನೆಯ ಗಳಿಗೆಯಲ್ಲಿ ಎಲ್ಲೋ ಇಟ್ಟು ಮರೆತೆ ಎನ್ನಬಾರದಲ್ಲ. ಅವರ ಮಟ್ಟಿಗೆ ಅದು ತೀರ್ಮಾನವಾದ ವಿಷಯ. ಶಾಲೆಗಳು ಮುಚ್ಚಿದ ದಿನ ಅವರು ಅರ್ಧ ಹೊಲಿದ ಸಮವಸ್ತ್ರಗಳನ್ನು ಅಟ್ಟಕ್ಕೇರಿಸಿ, ಮರುದಿನದಿಂದ ಮಾಸ್ಕ್ ಹೊಲಿಯಲು ಕೂತವರು. ಇಲ್ಲದ್ದಕ್ಕೆ ಕಾಯುತ್ತ ಕೂರುವುದು ಅವರ ಜಾಯಮಾನವಲ್ಲ. ಮದುವೆಯಾಗಿ ಮೂವತ್ನಾಲ್ಕು ವರ್ಷವಾದರೂ ಒಂದು ಸಲವೂ ಗುಹೆಯೊಳಗೆ ಕಾಲಿಟ್ಟವರಲ್ಲ. "ಕತ್ತಲೆ ನೋಡೋಕೆ ಗವಿಗ್ಯಾಕೆ ಹೋಗಬೇಕು? ಇದ್ದಲ್ಲೇ ಕಣ್ಣು ಮುಚ್ಚಿದ್ರೆ ಆಯ್ತು" ಎನ್ನುತ್ತಿದ್ದರು.

ಈಗ ಇಪ್ಪತ್ತನೇ ತಾರೀಖು. ಸೊಸೆ ಮುನ್ನೂರ ಹನ್ನೆರಡು ಲೇಖನಗಳನ್ನು ಹೊರಗೆ ಹಾಕಿದ್ದಳು. ಮಾವ ಒಂದನ್ನೂ ಹಾಕಿರಲಿಲ್ಲ. ನೂರಕ್ಕೆ ಎಂಬತ್ತಾದರೂ ತಾಳೆಯಾಗಬೇಕಿದ್ದಲ್ಲಿ ಎಪ್ಪತ್ಮೂರಕ್ಕೆ ನಿಂತಿತ್ತು.

"ಮಾವ, ಇದು ನೋಡಿ. ಕೋತಿಗಳ ಮೇಲಿನ ಲೇಖನ. ಇದು ಹೇಗೆ ಒಳಗೆ ಬರುತ್ತೆ?"

"ಬಂಡೆ ನೋಡೋಕೆ ಜನ ಬರ್ತಿದ್ರು, ಕೋತಿಗೆ ಏನಾದ್ರೂ ಕೊಡ್ತಿದ್ರು. ಜನ ನಿಂತ ಮೇಲೂ ಅವು ಬಸ್ಸು ಬರೋ ಹೊತ್ತಿಗೆ ಸರಿಯಾಗಿ ಗೇಟಿನ ಹತ್ರ ಬಂದು ಕೂರ್ತಿದ್ವಂತೆ. ಆರು ತಿಂಗಳು. ಅದನ್ನ ಹೊರಗೆ ಹಾಕು ಅಂತೀಯಲ್ಲಮ್ಮ!"

"ಅದು ಪ್ರಾಣಿಶಾಸ್ತ್ರ."

"ಇರಬಹುದು. ನನ್ನ ಗುಂಪಲ್ಲಿ ಪ್ರಾಣಿಶಾಸ್ತ್ರದವರು ಎಷ್ಟೋ ಜನ ಬಂದಿದ್ದಾರೆ. ಒಳಗೆ ಬಂದೋರನ್ನ ಎಣಿಸ್ಕೊಂಡು ಕರ್ಕೊಂಡು ಹೋಗಿ, ಎಣಿಸ್ಕೊಂಡು ಕರ್ಕೊಂಡು ಬರೋದು ನಮ್ಮ ಕಸುಬು. ನಡುವೆ ಒಬ್ಬರನ್ನ ಬಿಟ್ಟು ಬಂದೆ ಅಂತ ಈ ಮೂವತ್ತೊಂದು ವರ್ಷದಲ್ಲಿ ಯಾರೂ ನನಗೆ ಹೇಳಿಲ್ಲ."

ಸೊಸೆಗೆ ಅಳು ಬಂದಂತಾಯಿತು. ಸಿಟ್ಟೂ ಬಂದಿತ್ತು, ಅದರ ಜೊತೆಗೆ ತಪ್ಪು ತನ್ನದೇ ಎಂಬ ಅರಿವೂ. ಮೂರು ವಾರದಲ್ಲಿ ಒಮ್ಮೆಯಾದರೂ ಇಣುಕಿ ನೋಡಬಹುದಿತ್ತು, ಆದರೆ ಕಟ್ಟಳೆ ಮುರಿಯಬಾರದೆಂದು ಕೋಣೆಯ ಕದ ಹಾಕಿಕೊಂಡಿದ್ದವಳು ಅವಳೇ.

"ಈಗೇನು ದಾರಿ?" ಹೊಸಿಲ ಬಳಿ ಬಂದು ನಿಂತ ಅತ್ತೆ ಕೇಳಿದರು, ಬೆರಳಿನಲ್ಲಿ ಇನ್ನೂ ದಾರ ಸುತ್ತಿಕೊಂಡೇ.

"ತಾಳೆಯಾಗದೇ ಇದ್ದದ್ದನ್ನ ಮೂರನೆಯವರೊಬ್ಬರು ನೋಡಿ ತೀರ್ಪು ಕೊಡಬೇಕು. ಒಂದೊಂದನ್ನೂ. ಅವರು ಹೇಳಿದ್ದೇ ಕೊನೆ. ಆದರೆ ಈಗ ಯಾರನ್ನ ಹುಡುಕಲಿ?"

"ಓದಬೇಕಾ, ಕೇಳಿದ್ರೆ ಸಾಕಾ?"

ಸೊಸೆ ಮಾವನ ಮುಖ ನೋಡಿದಳು. ಮಾವ ಚಾವಣಿ ನೋಡಿದರು.

ಹೀಗೆ ಅತ್ತೆ ಮೂರನೆಯವರಾದರು. ಕಟ್ಟಳೆಯ ಪ್ರಕಾರ ಯಾರು ಒಳಗೆ ಅಂದರು, ಯಾರು ಹೊರಗೆ ಅಂದರು ಎಂಬುದು ಮೂರನೆಯವರಿಗೆ ಗೊತ್ತಾಗಬಾರದು. ಒಬ್ಬರು ಎಲ್ಲವನ್ನೂ ಒಳಗೇ ಹಾಕಿಕೊಂಡಿರುವಾಗ ಆ ಕಟ್ಟಳೆ ನೆಗೆದು ಬಿದ್ದಂತೆಯೇ ಆಯಿತು. ಆದರೂ ಸೊಸೆ ಪಟ್ಟು ಬಿಡದೆ ಮಾವನನ್ನು ಹೊಲಿಗೆ ಯಂತ್ರದ ಹಿಂದೆ, ಮಾಸ್ಕಿನ ರಾಶಿಯ ಮರೆಯಲ್ಲಿ ಅತ್ತೆಗೆ ಮುಖ ಕಾಣದ ಹಾಗೆ ಕೂರಿಸಿದಳು. "ಮುಖ ಯಾಕೆ? ಅವರು ಉಸಿರು ಬಿಡೋದು ಕೇಳಿದ್ರೆ ಸಾಕು ನನಗೆ," ಅಂದರು ಅತ್ತೆ.

ಸೊಸೆ ಒಂದೊಂದೇ ಸಾರಾಂಶವನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಮೊದಲ ದಿನ ಅತ್ತೆಯ ನ್ಯಾಯ ಅವರ ಕತ್ತರಿಯಷ್ಟೇ ಚುರುಕಾಗಿತ್ತು. ಅರ್ಧ ಕೇಳಿ "ಹೊರಗೆ" ಎನ್ನುತ್ತಿದ್ದರು, ಮುಂದಿನ ಮಾಸ್ಕಿಗೆ ಕೈಹಾಕುತ್ತಿದ್ದರು. ಕೋತಿಗಳು ಹೊರಗೆ ಹೋದವು. ಹಡಗಿನ ಎಂಜಿನ್ನಿನ ತುಕ್ಕು ಹೊರಗೆ. ಚರಂಡಿ ನೀರಿನ ಪರೀಕ್ಷೆ ಹೊರಗೆ. ಸಂಜೆಯ ಹೊತ್ತಿಗೆ ನಲವತ್ತು ಮುಗಿದಿದ್ದವು, ನಲವತ್ತೂ ಹೊರಗೆ. ಯಂತ್ರದ ಹಿಂದೆ ಮಾವ ಉಸಿರು ಬಿಡುವುದನ್ನೂ ನಿಲ್ಲಿಸಿದವರಂತೆ ಕೂತಿದ್ದರು.

ಎರಡನೆಯ ದಿನ ಬೆಳಿಗ್ಗೆ ದ್ವೀಪವೊಂದರ ಹೋಟೆಲಿನ ಲೇಖನ ಬಂತು. ಅತಿಥಿಗಳೆಲ್ಲ ಹೊರಟುಹೋದ ಮೇಲೆ ದೋಣಿ ನಿಂತು, ಕೆಲಸದವರು ಇಪ್ಪತ್ತಾರು ಜನ ಅಲ್ಲೇ ಉಳಿದುಬಿಟ್ಟಿದ್ದರು. ಏಳು ತಿಂಗಳು. ದಿನಾ ಬೆಳಿಗ್ಗೆ ಅವರು ಯಾರೂ ಮಲಗದ ಕೋಣೆಗಳ ಕದ ತೆಗೆದು, ಯಾರೂ ಮುಟ್ಟದ ಹೊದಿಕೆಗಳನ್ನು ಬದಲಿಸಿ, ಸಂಜೆ ಎಲ್ಲ ಕೋಣೆಗೂ ದೀಪ ಹಾಕುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಸಂಶೋಧಕರು ಫೋನಿನಲ್ಲಿ ಯಾಕೆಂದು ಕೇಳಿದ್ದಕ್ಕೆ ಒಬ್ಬಳು, ಕೈ ಮರೆಯಬಾರದಲ್ಲ ಎಂದಿದ್ದಳಂತೆ.

"ಇದು ಕೆಲಸಗಾರರ ಮನಸ್ಥಿತಿಯ ಮೇಲೆ, ಪ್ರವಾಸದ ಮೇಲಲ್ಲ. ಅದಕ್ಕೇ..." ಎಂದು ಹೊರಟ ಸೊಸೆ ನಾಲಿಗೆ ಕಚ್ಚಿಕೊಂಡಳು. ಹಾಗೆ ಹೇಳಬಾರದಿತ್ತು.

ಯಂತ್ರ ನಿಂತಿತು. ಅತ್ತೆ ಅಟ್ಟದ ಕಡೆ ನೋಡಿದರು. ಅಲ್ಲಿದ್ದ ಸಮವಸ್ತ್ರಗಳನ್ನು ಅವರು ತಿಂಗಳಿಗೊಮ್ಮೆ ಕೆಳಗಿಳಿಸಿ, ಕೊಡವಿ, ಇಸ್ತ್ರಿ ಹಾಕಿ ಮತ್ತೆ ಮೇಲಿಡುವುದನ್ನು ಸೊಸೆ ಕಂಡಿದ್ದಳು. ಹುಳ ಹಿಡಿಯುತ್ತೆ ಅಂತ ಅತ್ತೆ ಕಾರಣ ಕೊಟ್ಟಿದ್ದರು.

"ಒಳಗೆ," ಅಂದರು ಅತ್ತೆ.

ಅಲ್ಲಿಂದ ಮುಂದೆ ಕೆಲಸ ನಿಧಾನವಾಯಿತು, ಯಾಕೆಂದರೆ ಅತ್ತೆ ಪೂರ್ತಿ ಕೇಳತೊಡಗಿದರು. ಕೇಳಿದ್ದಷ್ಟೇ ಅಲ್ಲ, ಪ್ರಶ್ನೆ ಹಾಕತೊಡಗಿದರು. ಒಂದು ಮನೆಯವರು ಊಟದ ಮೇಜಿನ ಸುತ್ತ ದಿನಾ ನಡೆದು, ನಡೆದ ದೂರವನ್ನು ಗೋಡೆಯ ಭೂಪಟದಲ್ಲಿ ಗುರುತು ಹಾಕುತ್ತ, ಒಂಬತ್ತು ತಿಂಗಳಿಗೆ ಸಮುದ್ರ ಮುಟ್ಟಿದ್ದರು. "ಹುಚ್ಚು ಮುಂಡೇವು," ಎಂದು ನಕ್ಕ ಅತ್ತೆ, "ಸಮುದ್ರ ಮುಟ್ಟಿದ ದಿನ ಏನು ಮಾಡಿದ್ರಂತೆ?" ಎಂದು ಕೇಳಿದರು. ಲೇಖನದಲ್ಲಿ ಅದಿರಲಿಲ್ಲ. ಹಾಸಿಗೆ ಹಿಡಿದವರ ಆಸ್ಪತ್ರೆಯೊಂದರಲ್ಲಿ ನರ್ಸೊಬ್ಬಳು ಗೇಟು ತೆಗೆದರೆ ಎಲ್ಲಿಗೆ ಹೋಗುತ್ತೀರಿ ಎಂದು ಇನ್ನೂರು ಜನರನ್ನು ಕೇಳಿ ಬರೆದುಕೊಂಡಿದ್ದಳು. ಹೆಚ್ಚಿನವರು ಹೇಳಿದ್ದು ಆಗಲೇ ಒಮ್ಮೆ ನೋಡಿದ್ದ ಜಾಗವನ್ನೇ.

"ಅದ್ಯಾಕಂತೆ? ನೋಡದೇ ಇರೋದನ್ನ ಕೇಳಬಾರದಾ?"

"ಅದನ್ನ ಬರೆದಿಲ್ಲ ಅತ್ತೆ."

"ಬರೀಬೇಕಿತ್ತು," ಎಂದು ಅತ್ತೆ ದಾರ ಕತ್ತರಿಸಿ, "ಒಳಗೆ. ಆ ಕೋತೀನೂ ಒಳಗೇ ಹಾಕು," ಅಂದರು.

ಸೊಸೆ ಬೆರಗಾಗಿದ್ದಳು. ಈ ಎಲ್ಲವನ್ನೂ ಅವಳೇ ಓದಿದ್ದಳು, ಅವಳೇ ಹೊರಗೆ ಹಾಕಿದ್ದಳು. ಪರದೆಯ ಮೇಲೆ ದಿನಕ್ಕೆ ಅರವತ್ತರಂತೆ ಓದುವಾಗ ಅವು ಬರೀ ಸಾಲುಗಳಾಗಿದ್ದವು. ಈಗ ತನ್ನದೇ ಬಾಯಿಂದ, ಮನೆಯ ಮಾತಿನಲ್ಲಿ ಹೊರಬರುವಾಗ ಅವುಗಳ ಹಿಂದೆ ಯಾರೋ ಕೂತಿರುವುದು ಕಾಣಿಸುತ್ತಿತ್ತು. ಎಲ್ಲೋ ಒಂದು ಮನೆ, ಮುಚ್ಚಿದ ಕದ, ಕಿಟಕಿಯ ಪಕ್ಕ ಒಂದು ಮೇಜು, ಅದರ ಮುಂದೆ ಕೂತು ಹೊರಗೆ ಹೋಗುವುದರ ಬಗ್ಗೆಯೇ ಬರೆಯುತ್ತಿರುವ ಒಬ್ಬರು. ಅಂಥ ಮನೆಗಳು ಸಾವಿರಾರು. ಒಬ್ಬರ ಮುಖ ಒಬ್ಬರು ಕಾಣದೆ, ಒಂದೇ ವರ್ಷದಲ್ಲಿ, ಒಂದೇ ಪ್ರಶ್ನೆಯನ್ನು ಇಷ್ಟೊಂದು ಜನ ಕೇಳಿದ್ದಾರಲ್ಲ ಎನಿಸಿ ಅವಳ ಮೈ ಜುಮ್ಮೆಂದಿತು.

ಏಳನೆಯ ದಿನ ಗುಹೆಯೊಂದರ ಲೇಖನ ಬಂತು. ಇವರ ಗುಹೆಯಲ್ಲ, ಎಲ್ಲೋ ದೂರದ್ದು. ಜನ ನೋಡಲೆಂದು ಗುಹೆಯಲ್ಲಿ ದೀಪ ಹಾಕುತ್ತಾರಷ್ಟೆ. ದೀಪದ ಬೆಳಕಿಗೆ ಗೋಡೆಯ ಮೇಲೆ ಹಸಿರು ಪಾಚಿ ಹಿಡಿಯುತ್ತದೆ. ಎಷ್ಟು ಉಜ್ಜಿದರೂ ಹೋಗದ ಪಾಚಿ. ಜನ ಬಾರದೆ ವರ್ಷವಿಡೀ ದೀಪ ಆರಿದ್ದರಿಂದ ಅದು ತಾನಾಗಿ ಸತ್ತು ಉದುರಿ, ಗೋಡೆ ಮೊದಲಿನ ಹಾಗೆ ಬೆಳ್ಳಗಾಗಿತ್ತು.

ಅತ್ತೆ ತೀರ್ಪು ಕೊಡುವ ಮೊದಲೇ ಯಂತ್ರದ ಹಿಂದಿನಿಂದ ಮಾವ ಮಾತಾಡಿದರು. ಕಟ್ಟಳೆಯ ಪ್ರಕಾರ ಅವರು ಮಾತಾಡುವ ಹಾಗಿರಲಿಲ್ಲ.

"ಇದನ್ನ ನಾನು ಮೂರು ಸಲ ಓದಿದೆ. ನಾವು ಹೋಗದೇ ಇದ್ದದ್ದೇ ಅದಕ್ಕೆ ಒಳ್ಳೇದಾಯ್ತು ನೋಡು."

ಮಾವ ಎದ್ದು ಹಿತ್ತಿಲ ಕಡೆ ಹೋದರು. ಅವರು ಹೋದ ಮೇಲೆ ಅತ್ತೆ ಸೂಜಿಗೆ ದಾರ ಪೋಣಿಸಲು ಎರಡು ಸಲ ತಪ್ಪಿ, ಮೂರನೆಯ ಸಲ ಪೋಣಿಸಿ, "ಒಳಗೆ" ಎಂದು ಹೇಳಿದರು.

ಇಪ್ಪತ್ತೊಂಬತ್ತಕ್ಕೆ ಎಲ್ಲ ಮುಗಿಯಿತು. ಅತ್ತೆ ನೂರ ಎಂಬತ್ತೇಳನ್ನು ಒಳಗೆ ಕರೆದುಕೊಂಡಿದ್ದರು, ನೂರ ಇಪ್ಪತ್ತೈದನ್ನು ಹೊರಗೇ ನಿಲ್ಲಿಸಿದ್ದರು. ಒಟ್ಟು ಸಾವಿರದ ಇಪ್ಪತ್ತೊಂದು. ಸೊಸೆ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟಳು. ಆ ಲೇಖನಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಹೆಕ್ಕಿ ಅದೊಂದು ನಕ್ಷೆ ಬಿಡಿಸುತ್ತದೆ. ಪದಕ್ಕೊಂದು ಚುಕ್ಕಿ, ಹೆಚ್ಚು ಸಲ ಬಂದ ಪದಕ್ಕೆ ದೊಡ್ಡ ಚುಕ್ಕಿ, ಜೊತೆಯಾಗಿ ಬಂದ ಪದಗಳ ನಡುವೆ ಎಳೆ. ಮಧ್ಯಾಹ್ನ ಮೂರರ ಹೊತ್ತಿಗೆ ಪರದೆಯ ಕಪ್ಪಿನ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡಿದವು. ಭಯ. ನಷ್ಟ. ಚೇತರಿಕೆ. ಲಸಿಕೆ. ಗಡಿ. ಅವುಗಳ ಸುತ್ತ ನೂರು, ಇನ್ನೂರು, ಆರುನೂರು. ಅಂಚಿನಲ್ಲಿ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು ಸಣ್ಣವು: ಕೋತಿ, ಹೊದಿಕೆ, ಪಾಚಿ, ಕತ್ತಲೆ. ಮೂವರೂ ಬಾಯಿ ತೆರೆದುಕೊಂಡು ನೋಡಿದರು.

"ಇದೆಲ್ಲ ಒಂದೇ ವರ್ಷದ್ದಾ?" ಅತ್ತೆ ಕೇಳಿದರು.

"ಹದಿನಾಲ್ಕು ತಿಂಗಳದ್ದು."

"ಮನೆಯೊಳಗೆ ಕೂತೇ?"

"ಮನೆಯೊಳಗೆ ಕೂತೇ."

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು. "ಈಗ ಹೇಳಮ್ಮ. ಬರ್ತಾರಾ?"

ಸೊಸೆ ಈ ಪ್ರಶ್ನೆಗೆ ವಾರದಿಂದ ಹೆದರಿಕೊಂಡಿದ್ದಳು. ಬರುತ್ತಾರೆ ಎಂದರೆ ಮಾವ ಬಿಲ್ಲೆ ಇಟ್ಟುಕೊಳ್ಳುತ್ತಾರೆ. ಬರುವುದಿಲ್ಲ ಎಂದರೆ ನಾಳೆಯೇ ಕೊಡುತ್ತಾರೆ. ಸುಳ್ಳು ಹೇಳುವುದು ಸುಲಭವಿತ್ತು, ಯಾವ ಕಡೆಗೆ ಬೇಕಾದರೂ.

"ಬರ್ತಾರೆ ಅಂತ ಮುನ್ನೂರು ಜನ ಬರೆದಿದ್ದಾರೆ. ಮೊದಲಿನ ಹಾಗೆ ಯಾವತ್ತೂ ಬರಲ್ಲ ಅಂತಲೂ ಮುನ್ನೂರು ಜನ. ಇವರ್ಯಾರಿಗೂ ಗೊತ್ತಿಲ್ಲ ಮಾವ. ನನಗೂ ಗೊತ್ತಿಲ್ಲ."

ಮಾವ ತಲೆಯಾಡಿಸಿದರು. ಅವರಿಗೆ ಸಿಟ್ಟು ಬರಲಿಲ್ಲ. "ಸರಿ ಹಾಗಾದ್ರೆ," ಎಂದರು. "ನಾಳೆ ಹೋಗಿ ಒಪ್ಪಿಸಿ ಬರೋಣ."

ಬಿಲ್ಲೆ ಒಪ್ಪಿಸುವ ಗೈಡು ಕೊನೆಯದಾಗಿ ಗುಹೆಯೊಳಗೆ ಒಂದು ಸುತ್ತು ಹೋಗಿ, ಕಂಬಿ, ಮೆಟ್ಟಿಲು ನೆಟ್ಟಗಿವೆ ಎಂದು ಬರೆದುಕೊಡಬೇಕು. ಒಳಗೆ ಸಾಕ್ಷಿಗೆ ಇಬ್ಬರಿರಬೇಕು. ಪಿಡುಗಿನ ನಿಯಮದಂತೆ ಒಂದೇ ಮನೆಯವರಲ್ಲದೆ ಬೇರೆಯವರು ಜೊತೆಗೆ ಇಳಿಯುವಂತಿಲ್ಲ. ಹಾಗಾಗಿ ಕಚೇರಿಯ ಗುಮಾಸ್ತ ಹೊರಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಸಾಕ್ಷಿಗಳಾಗಿ ಸೊಸೆ ಮತ್ತು ಅತ್ತೆ. ನಾಲ್ಕು ವರ್ಷದಲ್ಲಿ ಸೊಸೆಯೂ ಗುಹೆ ನೋಡಿರಲಿಲ್ಲ. ಪ್ರವಾಸದ ಪಾಠ ಹೇಳುವವಳಿಗೆ ಮನೆಯ ಪಕ್ಕದ ಗುಹೆ ಮುಂದಿನ ಭಾನುವಾರಕ್ಕೆ, ಅದರ ಮುಂದಿನ ಭಾನುವಾರಕ್ಕೆ ಎಂದು ಸರಿಯುತ್ತಲೇ ಹೋಗಿತ್ತು.

ಟಿಕೆಟ್ ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಬರೆಯುವಷ್ಟು ದೂಳಿತ್ತು. ಸಾಲು ನಿಲ್ಲುವವರಿಗೆಂದು ನೆಲದ ಮೇಲೆ ಬಿಡಿಸಿದ್ದ ವೃತ್ತಗಳು ಯಾರೂ ನಿಲ್ಲದೆಯೇ ಮಾಸಿದ್ದವು. ಕಬ್ಬಿಣದ ಕದದ ಮುಂದೆ ಮಾವ ಕೈದೀಪ ಹಚ್ಚಿ, ಇಬ್ಬರ ಕಡೆಗೂ ಬೆರಳು ತೋರಿಸಿ ಗಟ್ಟಿಯಾಗಿ ಎಣಿಸಿದರು. "ಒಂದು. ಎರಡು."

"ನೀವು?" ಅತ್ತೆ ಕೇಳಿದರು.

"ಗೈಡು ಲೆಕ್ಕಕ್ಕಿಲ್ಲ. ತಲೆ ಜೋಪಾನ."

ಒಳಗಿನ ತಂಪು ಹೊರಗಿನ ಯಾವ ಋತುವಿನದೂ ಆಗಿರಲಿಲ್ಲ. ಇನ್ನೂರ ಹದಿನಾಲ್ಕು ಮೆಟ್ಟಿಲು. ಮಾವ ಹಿಂದಕ್ಕೆ ತಿರುಗಿ ನೋಡದೆಯೇ ಎಲ್ಲಿ ತಗ್ಗು, ಎಲ್ಲಿ ಜಾರು ಎಂದು ಹೇಳುತ್ತಿದ್ದರು. ಮನೆಯಲ್ಲಿ ಒಂದು ಲೋಟ ಎತ್ತಿಡಲೂ ತಡವರಿಸುತ್ತಿದ್ದ ಮನುಷ್ಯ ಇಲ್ಲಿ ನೀರಿಗೆ ಬಿಟ್ಟ ಮೀನಾಗಿದ್ದರು. ಬರೀ ತಪಾಸಣೆಯ ಸುತ್ತು ಎಂದು ಹೊರಟವರು ಮೂರನೆಯ ತಿರುವಿನಲ್ಲಿ ತಮಗೇ ತಿಳಿಯದೆ ಕಥೆ ಶುರುಮಾಡಿದ್ದರು.

"ಇದು ನೋಡಿ, ಮೇಲಿಂದ ಇಳಿದಿದೆಯಲ್ಲ ಈ ಕಲ್ಲು. ಹನಿ ಹನಿ ನೀರು ತಂದಿಟ್ಟ ಸುಣ್ಣ. ಒಂದು ಬೆರಳಷ್ಟು ಬೆಳೆಯೋಕೆ ಸಾವಿರ ವರ್ಷ ಬೇಕು." ದೀಪ ಕಲ್ಲಿನ ತುದಿಗೆ ಹೋಯಿತು. ತುದಿಯಲ್ಲೊಂದು ಹನಿ ತೂಗುತ್ತಿತ್ತು. "ನಾವು ಬರದೇ ಇದ್ದ ಈ ಹದಿನಾಲ್ಕು ತಿಂಗಳು ಇದಕ್ಕೆ ಒಂದು ಕೂದಲೆಳೆಯ ಲೆಕ್ಕವೂ ಅಲ್ಲ."

ಹನಿ ಬಿತ್ತು. ಕೆಳಗೆಲ್ಲೋ ಸದ್ದಾಯಿತು.

ಮುಂದಿನ ತಿರುವಿನಲ್ಲಿ ಹಳೆಯ ವಿದ್ಯುತ್ ದೀಪವೊಂದು ಗೋಡೆಗೆ ಕಚ್ಚಿಕೊಂಡಿತ್ತು. ಅದರ ಸುತ್ತ ಮಾವ ಬೆಳಕು ಹಿಡಿದು ನಿಂತುಬಿಟ್ಟರು. ಗೋಡೆ ಹಾಲಿನಷ್ಟು ಬೆಳ್ಳಗಿತ್ತು. "ಇಲ್ಲಿ ಹಸಿರು ಮೆತ್ತಿಕೊಂಡಿತ್ತು," ಎಂದರು. "ಎಷ್ಟು ವರ್ಷ ಉಜ್ಜಿದ್ದೀನಿ. ಅವರು ಬರೆದದ್ದು ನಿಜ." ಮುಟ್ಟಲು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು.

ಮೆಟ್ಟಿಲು ಮುಗಿದಲ್ಲಿ ಗುಹೆ ಒಮ್ಮೆಗೇ ಅಗಲವಾಯಿತು. ದೀಪ ಎತ್ತಿದರೆ ಬೆಳಕು ಚಾವಣಿ ಮುಟ್ಟುತ್ತಿರಲಿಲ್ಲ. ಮಾವ ಈ ಜಾಗದ ಬಗ್ಗೆ ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಇಲ್ಲಿಗೆ ಬಂದಮೇಲೆ ಅವರು ಎಲ್ಲರನ್ನೂ ನಿಲ್ಲಿಸಿ ದೀಪ ಆರಿಸುತ್ತಿದ್ದರು. ಒಂದು ನಿಮಿಷ. ಏಳು ಎಣಿಸುವಷ್ಟರಲ್ಲಿ ಯಾರಾದರೊಬ್ಬರು "ಅಬ್ಬಾ" ಅನ್ನುತ್ತಿದ್ದರು. ಯಾವ ದೇಶದವರಾದರೂ, ಅವರವರ ಭಾಷೆಯ ಅಬ್ಬಾ. ಆ ಒಂದು ಸದ್ದಿಗೋಸ್ಕರವೇ ಬೆಳಿಗ್ಗೆ ಏಳೋದು ನಾನು ಎನ್ನುತ್ತಿದ್ದರು. ಅತ್ತೆ "ಸರಿ, ಊಟ ಮಾಡಿ" ಎನ್ನುತ್ತಿದ್ದರು.

ಇವತ್ತು ಮಾವ ಕಂಬಿಯನ್ನೊಮ್ಮೆ ಅಲುಗಾಡಿಸಿ ನೋಡಿ, "ಗಟ್ಟಿಯಾಗೇ ಇದೆ. ಹೊರಡೋಣ," ಅಂದರು.

"ದೀಪ ಆರಿಸಲ್ವಾ ಮಾವ?"

"ಇದು ತಪಾಸಣೆಯಮ್ಮ. ಆಟ ಅಲ್ಲ."

"ಆರಿಸಿ," ಅಂದರು ಅತ್ತೆ. ಅವರು ಕೈಚೀಲವನ್ನು ಎದೆಗವಚಿಕೊಂಡು ಕಂಬಿಗೆ ಒರಗಿ ನಿಂತಿದ್ದರು. "ಮೂವತ್ತೊಂದು ವರ್ಷ ಹೇಳಿದ್ದೇ ಹೇಳಿದ್ದೀರಿ. ಅದೇನು ಅಂತ ನೋಡೇಬಿಡೋಣ."

ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ದೀಪ ಆರಿತು.

ಸೊಸೆ ಮನಸ್ಸಿನಲ್ಲೇ ಎಣಿಸತೊಡಗಿದಳು. ಸದ್ದು ಮಾಡಬಾರದೆಂದು ಮೊದಲೇ ನಿಶ್ಚಯಿಸಿದ್ದಳು. ಎಲ್ಲ ಗೊತ್ತಿದ್ದೂ ಅಬ್ಬಾ ಅನ್ನುವುದು ನಾಟಕವಾಗುತ್ತದೆ. ಒಂದು. ಎರಡು. ಕಣ್ಣು ಹೊಂದಿಕೊಳ್ಳುತ್ತದೆ ಎಂದು ಕಾದಳು, ಹೊಂದಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಮೂರು. ಕೈಯನ್ನು ಮುಖದ ಮುಂದೆ ತಂದಳು. ಕೈ ಇರಲಿಲ್ಲ. ನಾಲ್ಕು. ಚಾವಣಿ ಎಲ್ಲಿತ್ತು, ನೆಲ ಎಲ್ಲಿ ಮುಗಿಯಿತು, ತಾನು ಎಲ್ಲಿಗೆ ಮುಗಿದೆ ಎಂಬುದೊಂದೂ ಇರಲಿಲ್ಲ. ಬೆಟ್ಟ ಹುಟ್ಟಿದಾಗಿನಿಂದ ಇಲ್ಲೇ ಇದ್ದ ಕತ್ತಲೆ, ಯಾರು ಬಂದರೂ ಬಾರದಿದ್ದರೂ ಇದ್ದ ಕತ್ತಲೆ, ಅವಳ ಮೈಗೆ ತಾಗಿಕೊಂಡು ನಿಂತಿತ್ತು. ದೂರದಲ್ಲಿ ಒಂದು ಹನಿ ಬಿತ್ತು.

"ಅಬ್ಬಾ!" ಎಂಬ ಸದ್ದು ಕೇಳಿ ಅವಳು ಬೆಚ್ಚಿದಳು. ಅದು ಅವಳದೇ ಬಾಯಿಂದ ಬಂದಿತ್ತು. ಐದನ್ನೂ ಎಣಿಸಿರಲಿಲ್ಲ.

ಕತ್ತಲೆಯಲ್ಲಿ ಮಾವ ಮೆಲ್ಲಗೆ ನಕ್ಕರು. ಹದಿನಾಲ್ಕು ತಿಂಗಳಲ್ಲಿ ಅವರು ಹಾಗೆ ನಕ್ಕದ್ದನ್ನು ಅವಳು ಕೇಳಿರಲಿಲ್ಲ. ಬಟ್ಟೆ ಸರಿದ ಸದ್ದಾಯಿತು. ದೀಪದ ಗುಂಡಿಗೆ ಕೈಹಾಕುತ್ತಿದ್ದಾರೆ ಎಂದುಕೊಂಡಳು.

"ಹಚ್ಚಬೇಡಿ," ಅಂದರು ಅತ್ತೆ.

ಅದು ಅತ್ತೆಯ ದನಿಯೇ ಎಂದು ತಿಳಿಯಲು ಸೊಸೆಗೆ ಒಂದು ಕ್ಷಣ ಬೇಕಾಯಿತು. ಅಷ್ಟು ಸಣ್ಣಗಿತ್ತು.

"ಹೆದರಿಕೆ ಆಗ್ತಿದ್ಯಾ?"

"ಇಲ್ಲ." ಕೈಚೀಲ ಕಂಬಿಗೆ ತಾಗಿದ ಸದ್ದಾಯಿತು. "ಕಣ್ಣು ಮುಚ್ಚಿದ ಹಾಗಲ್ಲ ಇದು."

"ಅಲ್ಲ," ಅಂದರು ಮಾವ.

"ಇನ್ನೊಂಚೂರು ಇರಲಿ."

ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಸೊಸೆ ಎಣಿಸಲಿಲ್ಲ. ಹನಿಗಳು ಬೀಳುತ್ತಿದ್ದವು, ಒಂದು ಹತ್ತಿರ, ಒಂದು ದೂರ, ಒಂದು ಎಷ್ಟು ಕೆಳಗೆಂದರೆ ಸದ್ದು ಬರುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ಕೊನೆಗೆ ದೀಪ ಹತ್ತಿದಾಗ ಅತ್ತೆ ಚಾವಣಿಯ ಕಡೆ ಮುಖ ಎತ್ತಿಕೊಂಡು ನಿಂತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ಹನಿ ಬಿದ್ದಿರಬಹುದು, ಸೊಸೆ ಕೇಳಲಿಲ್ಲ.

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಮಾವ ಕದದ ಬಳಿ ನಿಂತು ಎಣಿಸಿದರು. "ಒಂದು. ಎರಡು." ಗುಮಾಸ್ತ ಪುಸ್ತಕ ತೆರೆದು ಮುಂದಿಟ್ಟ. ಕೊನೆಯ ಸಾಲಿಗೂ ಈ ಸಾಲಿಗೂ ನಡುವೆ ಹದಿನಾಲ್ಕು ತಿಂಗಳು. ಮಾವ ತಾರೀಖು ಬರೆದು, ಒಳಗೆ ಹೋದವರು ಎರಡು, ಹೊರಗೆ ಬಂದವರು ಎರಡು ಎಂದು ಬರೆದು, ಕೈದೀಪವನ್ನು ಒರೆಸಿ ಮೇಜಿನ ಮೇಲಿಟ್ಟರು.

"ಬಿಲ್ಲೆ?" ಗುಮಾಸ್ತ ಕೇಳಿದ.

ಮಾವ ಹೆಂಡತಿಯ ಕಡೆ ತಿರುಗಿದರು. ಅತ್ತೆಯ ಕೈಚೀಲ ಅವರ ಹೆಗಲಲ್ಲೇ ಇತ್ತು. ಹೊರಜೇಬು ಬಿಲ್ಲೆಯ ಆಕಾರಕ್ಕೆ ದುಂಡಗೆ ಉಬ್ಬಿಕೊಂಡಿರುವುದು ಸೊಸೆಗೆ ಕಾಣುತ್ತಿತ್ತು. ಗುಮಾಸ್ತನಿಗೂ ಕಂಡಿರಬೇಕು.

"ಮನೇಲಿ ಮರೆತು ಬಂದೆ," ಅಂದರು ಅತ್ತೆ.

"ಇವತ್ತೇ ಕೊನೇ ದಿನ ಅಮ್ಮ."

"ಗೊತ್ತು."

"ಪಂಪಿನ ಮನೆ ಕೆಲಸ ಬೇರೆಯವರಿಗೆ ಹೋಗುತ್ತೆ."

"ಹೋಗಲಿ. ಪಾಪ, ಯಾರಿಗೋ ಬೇಕಾಗಿರುತ್ತೆ." ಅತ್ತೆ ಮೇಜಿನ ಮೇಲಿದ್ದ ಕೈದೀಪವನ್ನು ಎತ್ತಿ ಗಂಡನ ಕೈಗೆ ಕೊಟ್ಟರು. ಮಾವ ದೀಪವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅತ್ತೆ ಕಾಯಲಿಲ್ಲ. ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಅಂಗಳ ದಾಟಿ ನಡೆದೇಬಿಟ್ಟರು.

ಹೊರಗಿನ ಗೇಟಿನ ಕಮಾನು ಎರಡಾಳೆತ್ತರ. ಅದರ ಕೆಳಗೆ ಬಸ್ಸೇ ಹಾದು ಬರುತ್ತಿತ್ತು. ಅಲ್ಲಿಗೆ ಬಂದಾಗ ಅತ್ತೆ ತಲೆ ಬಗ್ಗಿಸಿ, ಜೋಪಾನವಾಗಿ ದಾಟಿದರು.